ಅಣ್ಣನ ಹೆಸರಿನಲ್ಲಿ ಕೊಟ್ಟ ರಕ್ತ

ಫೆಬ್ರವರಿ ೯

ಪ್ರೀತಿಯ ಅಣ್ಣನಿಗೆ,

ಈ ಪತ್ರವನ್ನು ನಿಮ್ಮ ಬಸ್ ಡಿಪೋದ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನಾವಿಬ್ಬರೂ "ಹೂಂ, ಮತ್ತೇನು?" ಎನ್ನುವಷ್ಟರಲ್ಲೇ ಮಾತು ತೀರಿಸುವ ಗಿರಾಕಿಗಳು. ಇದು ಹಾಗೆ ತೀರುವ ವಿಷಯವಲ್ಲ.

ಹೋದ ವಾರ ಒಂದು ಬ್ಯಾಂಕಿನ ಮುಂಬಾಗಿಲ ಒಡೆದ ಗಾಜು ಬದಲಿಸಲು ಹೋಗಿದ್ದೆ. ಮಧ್ಯಾಹ್ನವಿಡೀ ಏಣಿ ಹತ್ತಿ ಇಳಿದು, ಹೊಸ ಗಾಜು ಕೂರಿಸಿ, ಮ್ಯಾನೇಜರ್ ಹತ್ತಿರ ಶಭಾಷ್ ಅನ್ನಿಸಿಕೊಂಡು ಮನೆಗೆ ಬಂದೆ. ಬಾಗಿಲು ತೆಗೆದ ಮಗಳು ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. "ಅಪ್ಪಾ, ಏನಿದು, ಕೆಂಪು ಬಣ್ಣ ತುಳ್ಕೊಂಡು ಬಂದಿದ್ದೀಯಾ?" ಎಂದಳು. ಬಣ್ಣವಲ್ಲ. ಗಾಜಿನ ಚೂರೊಂದು ಚಪ್ಪಲಿ ಸೀಳಿಕೊಂಡು ಹೆಬ್ಬೆರಳ ಬುಡಕ್ಕೆ ಇಳಿದಿತ್ತು. ಅದನ್ನು ಒಳಗಿಟ್ಟುಕೊಂಡೇ ಅಷ್ಟು ಹೊತ್ತು ಏಣಿ ಹತ್ತಿದ್ದೆ. ಒಂದಿಷ್ಟೂ ನೋವಾಗಿರಲಿಲ್ಲ ಅಣ್ಣ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚೂರು ಕೀಳುತ್ತಾ ಕೇಳಿದರು, "ನೋವೇ ಗೊತ್ತಾಗ್ಲಿಲ್ವಾ?" ನಾನು ಜಂಬದಿಂದ, "ನಮ್ಮ ಕಸುಬಲ್ಲಿ ಚರ್ಮ ದಪ್ಪ ಡಾಕ್ಟ್ರೇ" ಎಂದೆ. "ಚರ್ಮ ದಪ್ಪ ಆಗಿರೋದಲ್ಲ, ನರ ಮಂಕಾಗಿದೆ" ಎಂದು ಅಲ್ಲೇ ರಕ್ತ ತೆಗೆಸಿದರು. ಸಕ್ಕರೆ ಕಾಯಿಲೆಯಂತೆ. ಅದೂ ಇವತ್ತು ನಿನ್ನೆಯದಲ್ಲ, ವರ್ಷಗಳಿಂದ ಒಳಗೊಳಗೇ ಕೂತಿದೆಯಂತೆ. "ನಾನು ಸಿಹಿ ಮುಟ್ಟೋನೇ ಅಲ್ಲ" ಎಂದೆ. "ಸಿಹಿ ತಿನ್ನೋರಿಗೆ ಮಾತ್ರ ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?" ಎಂದರು. ಯಾರು ಹೇಳಿದರೋ ನನಗೂ ನೆನಪಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಹಾಗೆ ಗೊತ್ತಿತ್ತು, ಅಷ್ಟೇ.

ಆದರೆ "ವರ್ಷಗಳಿಂದ" ಎಂದದ್ದಕ್ಕೆ ಮಾತ್ರ ನಾನು ಬಿಡಲಿಲ್ಲ. ನನ್ನ ಹತ್ತಿರ ಸಾಕ್ಷಿಯಿದೆಯಲ್ಲ! ಹೋದ ವರ್ಷಕ್ಕೂ ಹಿಂದಿನ ಆಗಸ್ಟಿನಲ್ಲಿ ನಿಮ್ಮ ಕಂಪನಿಯವರು ಡ್ರೈವರುಗಳ ರಕ್ತ ಪರೀಕ್ಷೆ ಮಾಡಿಸಿದಾಗ ನೀನು ಬಂದು ಗೋಗರೆದಿದ್ದೆ: "ವಾರವಿಡೀ ಕಂಡಲ್ಲೆಲ್ಲ ತಿಂದಿದ್ದೀನಿ ಕಣೋ, ರಕ್ತ ಕೆಟ್ಟು ಬಂದ್ರೆ ರೂಟ್ ಕಿತ್ಕೋತಾರೆ, ಒಂದೇ ಒಂದ್ಸಲ ನೀನು ಕೂತ್ಕೊಂಡ್ಬಿಡು." ಅಚ್ಚು ಒತ್ತಿದಂಥ ಮುಖ ನಮ್ಮದು. ನಿನ್ನ ಯೂನಿಫಾರ್ಮ್ ಅಂಗಿ ತೊಟ್ಟು, ನಿನ್ನ ಗುರುತಿನ ಚೀಟಿ ಹಿಡಿದು, ಲ್ಯಾಬಿನಲ್ಲಿ ನಿನ್ನ ಹೆಸರಿನಲ್ಲಿ ತೋಳು ಚಾಚಿ ಕೂತವನು ನಾನು. ಹುಟ್ಟಿದ ತಿಂಗಳು ಕೇಳಿದಾಗ ನನ್ನದನ್ನೇ ಹೇಳಿ, ನಾಲಿಗೆ ಕಚ್ಚಿಕೊಂಡು, "ನಿದ್ದೆಗಣ್ಣು" ಎಂದು ಹಲ್ಲು ಕಿರಿದಿದ್ದೆ. ಆಮೇಲೆ ನೀನೇ ಬೆನ್ನು ತಟ್ಟಿ ಹೇಳಿದೆ, "ನಿನ್ನ ರಕ್ತ ಬಂಗಾರ ಕಣೋ!"

ಆ ರಿಪೋರ್ಟ್ ಇದ್ದರೆ ಕಳಿಸು. ಡಾಕ್ಟರಮ್ಮನ ಮೇಜಿನ ಮೇಲೆ ಇಡಬೇಕು. ನಾನು ಮೈ ನೋಡಿಕೊಳ್ಳದ ದಡ್ಡ ಎಂಬಂತೆ ಅವರು ನನ್ನನ್ನು ನೋಡುತ್ತಾರೆ, ಅದು ಸಹಿಸಲಾಗುತ್ತಿಲ್ಲ.

ಇಂತಿ,
ಸದ್ಯಕ್ಕೆ ಕುಂಟುತ್ತಿರುವ
ನಿನ್ನ ತಮ್ಮ

*

ಫೆಬ್ರವರಿ ೨೧

ಚಿಕ್ಕೋನೆ,

ಪತ್ರ ಸಿಕ್ಕಿತು. ಗಾಯವನ್ನು ಒಣಗಿಸಿಕೋ. ನೀರು ತಾಗಿಸಬೇಡ. ಡಾಕ್ಟರು ಹೇಳಿದ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ. ಬೆಳಿಗ್ಗೆ ಒಂದು, ರಾತ್ರಿ ಊಟದ ಜೊತೆ ಒಂದು ಕೊಟ್ಟಿರುತ್ತಾರೆ. ಮೊದಮೊದಲು ಹೊಟ್ಟೆ ತೊಳಸುತ್ತದೆ, ಆಮೇಲೆ ಸರಿಹೋಗುತ್ತದೆ. ನಾನು ವರ್ಷದಿಂದ ಬಡಕೊಳ್ಳುತ್ತಿದ್ದೆನಲ್ಲ, ನಡಿ, ಊಟ ಕಡಿಮೆ ಮಾಡು ಅಂತ. ನೀವು ಗಂಡ ಹೆಂಡತಿ ಸೇರಿ ನಕ್ಕಿರಿ.

ಆ ರಿಪೋರ್ಟ್ ಸಿಗುವುದಿಲ್ಲ. ಮನೆಗೆ ಸುಣ್ಣ ಹೊಡೆಸಿದಾಗ ಹಳೆ ಕಾಗದವೆಲ್ಲ ಹೋಯಿತು. ಸಿಕ್ಕಿದರೂ ಏನು ಪ್ರಯೋಜನ? ಹಳೆಯದನ್ನು ಕೆದಕಿದರೆ ಧೂಳು ಏಳುತ್ತದೆ, ಅಷ್ಟೇ. ಒಂದು ಮಾತು ಕೇಳು: ಆ ರಕ್ತದ ವಿಷಯವನ್ನು ಡಾಕ್ಟರ ಮುಂದೆ ಎತ್ತಬೇಡ. ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ನನ್ನ ಹೊಟ್ಟೆಪಾಡಿನ ಪ್ರಶ್ನೆ.

ಕಂಡಕ್ಟರ್ ಜೊತೆ ಒಂದು ಜೊತೆ ಶೂ ಕಳಿಸಿದ್ದೇನೆ. ಒಳಗೆ ಮೆತ್ತಗಿದೆ, ಮುಂದೆ ಅಗಲವಿದೆ. ಚಪ್ಪಲಿ ಬಿಸಾಡು.

ಇತಿ,
ನಿನ್ನ ಅಣ್ಣ

*

ಮಾರ್ಚ್ ೧೮

ಪ್ರೀತಿಯ ಅಣ್ಣನಿಗೆ,

ಶೂ ಹೇಳಿ ಮಾಡಿಸಿದ ಹಾಗಿದೆ. ಡಾಕ್ಟರಮ್ಮನೂ ಕೈಯಲ್ಲಿ ಹಿಡಿದು ನೋಡಿ, "ಇಂಥದ್ದೇ ಬೇಕು ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಎಂದರು. "ನಮ್ಮಣ್ಣ ಬಸ್ ಓಡಿಸ್ತಾನೆ, ಅವನಿಗೆ ಗೊತ್ತಿಲ್ಲದ ವಿಷಯ ಇಲ್ಲ" ಎಂದೆ. ನಿನ್ನ ಬಗ್ಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಗೊತ್ತಾ?

ನಿನ್ನ ಮಾತು ಮೀರಿಲ್ಲ. ಲ್ಯಾಬಿನ ವಿಷಯ ಬಾಯಿ ಬಿಟ್ಟಿಲ್ಲ. ಆದರೆ ಒಂದು ಅನುಮಾನ ತಲೆಯಲ್ಲಿ ಹುಳದಂತೆ ಕೊರೆಯುತ್ತಿದೆ. ಈ ಕಾಯಿಲೆಗೆ ಮಾಡುವ ಒಂದು ಪರೀಕ್ಷೆ ಆ ಹೊತ್ತಿನ ಸಕ್ಕರೆಯನ್ನಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನೇ ಹೇಳುತ್ತದಂತೆ. ಒಂದು ದಿನ ಉಪವಾಸ ಮಾಡಿದರೆ ಅದು ಮೋಸಹೋಗುವುದಿಲ್ಲ, ಒಂದು ವಾರ ಹೆಚ್ಚು ತಿಂದರೂ ಅಷ್ಟು ಕೆಡುವುದಿಲ್ಲ. ಮತ್ತೆ ನೀನು ಆವತ್ತು ಅಷ್ಟು ಹೆದರಿದ್ದು ಯಾಕೆ? ಹೋಗಲಿ ಬಿಡು, ಆಗ ನಮಗಿಬ್ಬರಿಗೂ ಏನೂ ಗೊತ್ತಿರಲಿಲ್ಲ.

ಈಗ ನಾನು ದಿನಾ ಪಾಠ ಕಲಿಯುವ ಹುಡುಗನಂತಾಗಿದ್ದೇನೆ. ಅಂಗೈಯಗಲದ ಒಂದು ಕನ್ನಡಿ ಕತ್ತರಿಸಿ, ಅಂಚು ಉಜ್ಜಿ, ಹಾಸಿಗೆ ಪಕ್ಕ ಇಟ್ಟುಕೊಂಡಿದ್ದೇನೆ. ಎದ್ದ ಕೂಡಲೇ ಅಂಗಾಲು ನೋಡಿಕೊಳ್ಳಬೇಕು. ಊರಿನವರಿಗೆಲ್ಲ ಕನ್ನಡಿ ಮಾಡಿಕೊಟ್ಟವನು ಈಗ ಮುಖ ಬಿಟ್ಟು ಪಾದ ನೋಡಿಕೊಳ್ಳುತ್ತಿದ್ದೇನೆ. ನನ್ನವಳಿಗೆ ನಗು ತಡೆಯಲಾಗುವುದಿಲ್ಲ.

ಅವಳ ಮುಂದೆ ನಾನೂ ನಗುತ್ತೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ನನಗೆ ನನ್ನ ಕಾಲಿನ ಮೇಲೆ ನಂಬಿಕೆ ಹೋಗಿದೆ. ಏಣಿಯ ಎರಡನೆಯ ಮೆಟ್ಟಿಲಿಗೆ ಕಾಲಿಟ್ಟರೆ, ಅದು ಮೆಟ್ಟಿಲ ಮೇಲಿದೆಯೋ ಗಾಳಿಯಲ್ಲಿದೆಯೋ ಎಂದು ಬಗ್ಗಿ ನೋಡಬೇಕು. ಮೊನ್ನೆ ಗಿರಾಕಿಯ ಎದುರಿಗೇ ಹತ್ತಲಾರದೆ ಇಳಿದುಬಿಟ್ಟೆ. ಅಳತೆ ಟೇಪು ಮರೆತೆ ಎಂದು ಸುಳ್ಳು ಹೇಳಿ ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಹೆಬ್ಬೆರಳು ಕಪ್ಪಾಗುತ್ತಿದೆ. ಡಾಕ್ಟರಮ್ಮ ಮುಖ ಗಂಭೀರ ಮಾಡಿಕೊಂಡು ನೋಡುತ್ತಾರೆ. "ಒಂದೂವರೆ ವರ್ಷ ಮೊದ್ಲೇ ಬಂದಿದ್ರೆ ಈ ಮಾತೇ ಬರ್ತಿರ್ಲಿಲ್ಲ" ಎಂದರು. ಆಗ ನನ್ನ ರಕ್ತ ಬಂಗಾರವಾಗಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಬಿಡುವಾದರೆ ಒಮ್ಮೆ ಬಾ.

ನಿನ್ನ ತಮ್ಮ

*

ಏಪ್ರಿಲ್ ೧೫

ಮೈದುನನಿಗೆ ಅತ್ತಿಗೆಯ ಆಶೀರ್ವಾದಗಳು.

ಬೆರಳು ತೆಗೆದರೆಂದು ಕಂಡಕ್ಟರ್ ಬಂದು ಹೇಳಿದಾಗ ನಾನು ಒಲೆಯ ಮೇಲಿಟ್ಟಿದ್ದನ್ನು ಮರೆತು ಕೂತುಬಿಟ್ಟೆ. ನಿಮ್ಮಣ್ಣ ಎದ್ದು ಹೊರಗೆ ಹೋದವರು ಕತ್ತಲಾದ ಮೇಲೆ ಬಂದರು. "ಹೋಗಿ ನೋಡ್ಕೊಂಡು ಬನ್ರೀ" ಎಂದು ದಿನಾ ಹೇಳುತ್ತೇನೆ. ರಜೆ ಇಲ್ಲ ಎನ್ನುತ್ತಾರೆ. ಅವರ ಮನಸ್ಸು ನನಗೇ ಅರ್ಥವಾಗುತ್ತಿಲ್ಲ.

ನಿನಗೆ ಧೈರ್ಯ ಬರಲೆಂದು ಒಂದು ಗುಟ್ಟು ಹೇಳುತ್ತೇನೆ, ಅವರಿಗೆ ಹೇಳಬೇಡ. ನಿಮ್ಮಣ್ಣನಿಗೂ ಇದೇ ಕಾಯಿಲೆ. ಯಾರಿಗೂ ತಿಳಿಯಬಾರದು ಎಂದು ನನ್ನ ಬಾಯಿ ಕಟ್ಟಿಹಾಕಿದ್ದರು. ಕಂಪನಿಯಲ್ಲಿ ಡ್ರೈವರುಗಳಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರಲ್ಲ, ಆ ಆಗಸ್ಟಿನಲ್ಲಿ, ಆಗಲೇ ಗೊತ್ತಾದದ್ದು. ಕಂಪನಿಯ ಡಾಕ್ಟರು ತಾವೇ ಮನೆಗೆ ಫೋನ್ ಮಾಡಿ, "ಇಷ್ಟು ಸಕ್ಕರೆ ಇಟ್ಕೊಂಡು ಹೇಗ್ರೀ ಓಡಾಡ್ತಿದ್ದೀರಾ?" ಎಂದು ರೇಗಿದ್ದರು. ಅವತ್ತೇ ಮಾತ್ರೆ ಶುರುವಾಯಿತು. ಕೆಲಸ ಹೋಗುತ್ತದೆ ಎಂದು ಇವರು ಬೆವತು ನೀರಾಗಿದ್ದರು, ಏನೂ ಆಗಲಿಲ್ಲ. ಮಾತ್ರೆ ನುಂಗಿ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬಸ್ ಓಡಿಸಿ ಎಂದರು, ಅಷ್ಟೇ. ಈಗ ನೋಡು, ಡಿಪೋದ ಸುತ್ತ ದಿನಾ ನಡೆಯುತ್ತಾರೆ, ಹೊಟ್ಟೆ ಕರಗಿದೆ. ಆ ಡಾಕ್ಟರ ಒಂದು ಫೋನು ನಮ್ಮ ಮನೆ ಉಳಿಸಿತು.

ಅವರು ಗೆದ್ದ ಹಾಗೆ ನೀನೂ ಗೆಲ್ಲುತ್ತೀಯ. ಒಂದೇ ಬಳ್ಳಿಯ ಕಾಯಿಗಳು ನೀವು.

ಇಂತಿ,
ನಿನ್ನ ಅತ್ತಿಗೆ

*

ಏಪ್ರಿಲ್ ೨೦

ಅಣ್ಣ,

ಅತ್ತಿಗೆ ಪತ್ರ ಬರೆದಿದ್ದರು. ಪಾಪ, ನನಗೆ ಧೈರ್ಯ ಹೇಳಲು ಬರೆದದ್ದು. ಅವರ ಮೇಲೆ ರೇಗಿದೆಯೋ, ನನ್ನಾಣೆ.

ಆ ಆಗಸ್ಟಿನ ರಕ್ತ ಯಾರದು ಅಣ್ಣ?

ನೀನು ಉತ್ತರ ಬರೆಯುವುದು ಬೇಡ, ನಾನೇ ಬರೆಯುತ್ತೇನೆ. ಆ ಕುರ್ಚಿಯ ಮೇಲೆ ಕೂತದ್ದು ನಾನು. ಸೂಜಿ ಚುಚ್ಚಿದ್ದು ನನ್ನ ತೋಳಿಗೆ. "ಇಷ್ಟು ಸಕ್ಕರೆ ಇಟ್ಕೊಂಡು ಹೇಗ್ರೀ ಓಡಾಡ್ತಿದ್ದೀರಾ" ಎಂದು ಆ ಡಾಕ್ಟರು ರೇಗಿದ್ದು ನನ್ನ ಮೇಲೆ. ಆ ಫೋನು ನನಗೆ ಬಂದ ಫೋನು. ನೀನು ಎತ್ತಿಕೊಂಡು, ಕೇಳಿಸಿಕೊಂಡು, ಇಟ್ಟುಬಿಟ್ಟೆ.

ನನ್ನ ರಕ್ತ ನೋಡಿ ಬರೆದುಕೊಟ್ಟ ಮಾತ್ರೆಯನ್ನು ನೀನು ನುಂಗಿದೆ. ನನ್ನ ರಕ್ತಕ್ಕೆ ಹೆದರಿ ನೀನು ನಡೆಯಲು ಶುರುಮಾಡಿದೆ. ನಿನ್ನ ಹೊಟ್ಟೆ ಕರಗುತ್ತಿದ್ದಾಗ ಇಲ್ಲಿ ನನ್ನ ಕಾಲು ಸಾಯುತ್ತಿತ್ತು. ಮತ್ತೆ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದೆ, ಬಂಗಾರ ಕಣೋ ಅಂತ. ಆ ಮಾತು ಹೇಳುವಾಗ ನಿನ್ನ ಕೈ ನನ್ನ ಬೆನ್ನ ಮೇಲಿತ್ತು.

ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ನೀನು. ನಿನ್ನ ತಟ್ಟೆಯಿಂದ ತೆಗೆದು ನನ್ನ ತಟ್ಟೆಗೆ ಹಾಕಿದವನು. ಬೇರೆ ಯಾರೇ ಹೀಗೆ ಮಾಡಿದ್ದರೂ ಉಗಿದು ಮರೆಯುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೋಗಿ ದೂರಲಿ? ನನ್ನವಳಿಗೆ ಇನ್ನೂ ಹೇಳಿಲ್ಲ. ಹೇಳಲು ನನಗೆ ನಾಚಿಕೆ. ತಪ್ಪು ಮಾಡಿದವನು ನೀನು, ನಾಚಿಕೆ ಯಾಕೋ ನನಗೆ.

ನಿನ್ನ ಹಳೆಯ ಪತ್ರಗಳನ್ನು ಎಲ್ಲ ತೆಗೆದು ಓದಿದೆ. ನಡಿ ಎಂದು ಬರೆದಿದ್ದೀಯ, ಊಟ ಕಡಿಮೆ ಮಾಡು ಎಂದು ಬರೆದಿದ್ದೀಯ. ಡಾಕ್ಟರ ಹತ್ತಿರ ಹೋಗು ಎಂದು ಮಾತ್ರ ಒಂದು ಕಡೆಯೂ ಬರೆದಿಲ್ಲ. ಎಷ್ಟು ಎಚ್ಚರಿಕೆಯಿಂದ ಬರೆದಿದ್ದೀಯ! ನನಗೆ ಗುಣವೂ ಆಗಬೇಕು, ವಿಷಯ ತಿಳಿಯಲೂಬಾರದು. ಕಳ್ಳನಿಗೂ ಇಷ್ಟು ನಾಜೂಕು ಇರುವುದಿಲ್ಲ.

ನಾನು ಮೈ ನೋಡಿಕೊಳ್ಳದ ದಡ್ಡ ಎಂದು ಇಷ್ಟು ದಿನ ನನ್ನನ್ನೇ ಬೈದುಕೊಂಡೆ. ನನ್ನ ಮೈಯ ಸುದ್ದಿ ನನಗೆ ಬಿಟ್ಟು ಬೇರೆಯವರಿಗೆ ತಲುಪಿತ್ತು. ಇನ್ನು ಬೈದುಕೊಳ್ಳುವುದಿಲ್ಲ.

ಶೂ ವಾಪಸ್ ಕಳಿಸಬೇಕೆಂದಿದ್ದೆ. ಕಳಿಸುವುದಿಲ್ಲ, ಅದು ನನ್ನ ಕಾಲಿಗೆ ಬೇಕು. ನಿನ್ನ ಮೇಲಿನ ಸಿಟ್ಟಿಗೆ ಇನ್ನೊಂದು ಬೆರಳು ಕಳೆದುಕೊಳ್ಳುವಷ್ಟು ದಡ್ಡ ನಾನಲ್ಲ.

ತಮ್ಮ

*

ಮೇ ೬

ಚಿಕ್ಕೋನೆ,

ನೀನು ಬರೆದದ್ದೆಲ್ಲ ನಿಜ. ನಾನು ಯಾಕೆ ಹಾಗೆ ಮಾಡಿದೆ ಎಂದು ಕೇಳಿಸಿಕೋ, ಆಮೇಲೆ ಬೇಕಾದ್ದು ಅನ್ನು.

ಪರೀಕ್ಷೆಗೆ ಮೊದಲೇ ನಾನು ಬೇರೆ ಕಡೆ ಗುಟ್ಟಾಗಿ ತೋರಿಸಿಕೊಂಡಿದ್ದೆ. ಸಕ್ಕರೆ ಇದೆ ಎಂದು ಗೊತ್ತಿತ್ತು. ಸಕ್ಕರೆ ಇದ್ದವನಿಗೆ ಸ್ಟಿಯರಿಂಗ್ ಕೊಡುವುದಿಲ್ಲ ಎಂದು ಡಿಪೋದಲ್ಲಿ ಮಾತು. ಅದಕ್ಕೇ ನಿನ್ನನ್ನು ಕೂರಿಸಿದೆ. ನಿನ್ನದೂ ಹಾಗೇ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಡಾಕ್ಟರು ಫೋನ್ ಮಾಡಿದಾಗ ನನ್ನ ಕೆಲಸ ಹೋಯಿತು ಎಂಬುದೊಂದೇ ತಲೆಗೆ ಹೋದದ್ದು. ಕೆಲಸ ಹೋಗುವುದಿಲ್ಲ ಎಂದು ತಿಳಿದಾಗ ಎಷ್ಟು ಹಗುರಾದೆ ಎಂದರೆ, ನಿನ್ನ ನೆನಪೇ ಆಗಲಿಲ್ಲ. ನೆನಪಾದದ್ದು ಎರಡು ದಿನ ಬಿಟ್ಟು.

ಆಗ ಹೇಳಬೇಕಿತ್ತು. ನಿನ್ನ ಬಾಯಿ ನನಗೆ ಗೊತ್ತು, ಯಾರು ಕೇಳಿದರೂ ಎಲ್ಲ ಒಪ್ಪಿಸಿಬಿಡುವವನು. ಲ್ಯಾಬಿನ ಮೋಸ ಬಯಲಾದರೆ ಸಕ್ಕರೆಗೆ ಹೋಗದ ಕೆಲಸ ಸುಳ್ಳಿಗೆ ಹೋಗುತ್ತಿತ್ತು. ಇನ್ನೊಂದು ಸಲ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ನೀನು ಏಣಿ ಹತ್ತುತ್ತಿದ್ದೆ, ಗಟ್ಟಿಮುಟ್ಟಾಗಿದ್ದೆ. ಗಟ್ಟಿಯಿದ್ದವನನ್ನು ನಿಲ್ಲಿಸಿ ನಿನಗೆ ಕಾಯಿಲೆ ಎನ್ನಲು ಬಾಯಿ ಬರಲಿಲ್ಲ. ಅಪ್ಪನಿಗೂ ಕಾಯಿಲೆಯ ಹೆಸರು ಹೇಳಿರಲಿಲ್ಲ, ನಿನಗೆ ನೆನಪಿಲ್ಲ, ನೀನು ಚಿಕ್ಕವನು. ಹೆಸರು ಕೇಳಿದರೆ ಮನುಷ್ಯ ಕುಗ್ಗಿ ಹೋಗುತ್ತಾನೆ ಎಂದು ದೊಡ್ಡವರು ಹೇಳುತ್ತಿದ್ದರು. ಕಾಲಿನ ತೊಂದರೆ ಎಂದೇ ಅಪ್ಪ ಕೊನೆಯವರೆಗೂ ತಿಳಿದಿದ್ದರು. ನಾನು ಅದನ್ನೇ ಕಲಿತವನು.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಕಾಲು ಹೇಗಿದೆ ಎಂದು ಒಂದು ಸಾಲು ಬರಿ.

ನಿನ್ನ ಅಣ್ಣ

ಡಾಕ್ಟರಿಗೆ ಲ್ಯಾಬಿನ ವಿಷಯ ಹೇಳಿದ್ದೀಯಾ? ಅದನ್ನೂ ತಿಳಿಸು.

*

ಜುಲೈ ೨೮

ಮೈದುನನಿಗೆ,

ನಿಮ್ಮಣ್ಣ ಬರೆದ ಯಾವ ಪತ್ರಕ್ಕೂ ನಿನ್ನಿಂದ ಉತ್ತರವಿಲ್ಲ. ಕಂಡಕ್ಟರ್ ಬರಿಗೈಯಲ್ಲಿ ಬಂದಾಗಲೆಲ್ಲ ಇವರು ಎದ್ದು ಒಳಗೆ ಹೋಗುತ್ತಾರೆ.

ನನಗೆ ಗೊತ್ತಿರಲಿಲ್ಲ ಕಣಪ್ಪಾ. ಆ ರಕ್ತ ನಿನ್ನದೆಂದು ಗೊತ್ತಿದ್ದರೆ ನಾನೇ ಬಂದು ನಿನ್ನ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಆ ಡಾಕ್ಟರ ಫೋನು ನಮ್ಮ ಮನೆ ಉಳಿಸಿತು ಎಂದು ನಿನಗೇ ಬರೆದೆನಲ್ಲ, ಅದನ್ನು ನೆನೆದರೆ ಕೈ ಕಡಿದುಕೊಳ್ಳೋಣ ಅನ್ನಿಸುತ್ತದೆ. "ಒಂದೇ ಹಾಸಿಗೆಯಲ್ಲಿ ಮಲಗಿ ನನಗೂ ಹೇಳ್ಲಿಲ್ವಲ್ರೀ" ಎಂದು ಕೇಳಿದೆ. ಈಗ ನಮ್ಮ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ನಿನಗೆ ಸಿಟ್ಟು ಬರಬೇಕಾದ್ದೇ. ಬೈದಾದರೂ ಒಂದು ಸಾಲು ಬರಿ. ಅವರೂ ಇಳಿದುಹೋಗಿದ್ದಾರೆ. ಮುಸ್ಸಂಜೆಯಲ್ಲಿ ಎದುರಿಗೆ ಬರುವ ದೀಪಗಳು ಹರಡಿಕೊಂಡು ಕಾಣುತ್ತವಂತೆ, ರಸ್ತೆಯ ಮೇಲೆ ಕಪ್ಪು ಚುಕ್ಕೆ ತೇಲಿದ ಹಾಗಾಗುತ್ತದಂತೆ. "ಕನ್ನಡಕದ ನಂಬರ್ ಬದಲಾಗಿರ್ಬೇಕು, ವಯಸ್ಸಾಯ್ತಲ್ಲ" ಎನ್ನುತ್ತಾರೆ. ಸಕ್ಕರೆ ಹತೋಟಿಯಲ್ಲಿದೆ, ಅದರಿಂದಲ್ಲವಂತೆ. ನಿದ್ದೆಯಿಲ್ಲದೆ ಹಾಗಾಗಿದೆ ಎಂದು ನನ್ನ ಊಹೆ.

ಇಂತಿ,
ಅತ್ತಿಗೆ

*

ಆಗಸ್ಟ್ ೪

ಅಣ್ಣನಿಗೆ,

ಬರೆಯಬಾರದೆಂದೇ ಇದ್ದೆ.

ನಿನ್ನ ಪ್ರಶ್ನೆಗೆ ಉತ್ತರ: ಡಾಕ್ಟರಮ್ಮನಿಗೆ ಹೇಳಿದ್ದೇನೆ. ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ನಿನ್ನ ಹೆಸರು ಕೇಳಲಿಲ್ಲ, ಕಂಪನಿಯ ಹೆಸರೂ ಕೇಳಲಿಲ್ಲ. "ಹಾಗಾದ್ರೆ ಆಗ್ಲೇ ಇತ್ತು" ಎಂದು ಬರೆದುಕೊಂಡು, "ಮನೇಲಿ ಅಣ್ಣನಿಗಿದೆ, ಅಪ್ಪನಿಗೂ ಇತ್ತು ಅನ್ಸುತ್ತೆ. ಮಗಳಿಗೂ ಪರೀಕ್ಷೆ ಮಾಡಿಸಿ" ಎಂದರು. ಮಾಡಿಸಿದೆ. ಅವಳ ಹೆಸರಿನಲ್ಲೇ ಮಾಡಿಸಿದೆ. ಅವಳಿಗೆ ಏನೂ ಇಲ್ಲ, ಆದರೂ ವರ್ಷಕ್ಕೊಮ್ಮೆ ನೋಡಿಸಬೇಕು ಎಂಬುದು ಅವಳಿಗೆ ಗೊತ್ತು. ಈ ಮನೆಯಲ್ಲಿ ಇನ್ನು ಮೇಲೆ ಕಾಯಿಲೆಗೆ ಹೆಸರಿದೆ. ಅಪ್ಪ ಹೆಸರು ಕೇಳಿ ಕುಗ್ಗಲಿಲ್ಲ, ಕೇಳದೆ ಸತ್ತರು.

ನನ್ನ ಸಕ್ಕರೆ ಇಳಿದಿದೆ. ಗಾಯ ಕೂಡಿದೆ. ಮತ್ತೆ ಗಾಜಿನ ಅಂಗಡಿ ತೆಗೆಯುತ್ತಿದ್ದೇನೆ. ಏಣಿ ಮಗಳು ಹತ್ತುತ್ತಾಳೆ, ನಾನು ಕೆಳಗೆ ನಿಂತು ಅಳತೆ ಕೂಗುತ್ತೇನೆ. ಗಿರಾಕಿಗಳು ಕೇಳಿದರೆ, "ನನಗೆ ಸಕ್ಕರೆ ಕಾಯಿಲೆ, ಕಾಲಿಗೆ ಸ್ಪರ್ಶ ಕಡಿಮೆ" ಎಂದು ನೇರವಾಗಿ ಹೇಳುತ್ತೇನೆ. ಮೊದಲ ಸಲ ಹೇಳಿದಾಗ ಕಿವಿ ಬಿಸಿಯಾಗಿತ್ತು. ಯಾರೂ ಕೆಲಸ ವಾಪಸ್ ತೆಗೆದುಕೊಂಡಿಲ್ಲ. ನೋಡಿದೆಯಾ, ನೀನು ಹೆದರಿದ್ದು ಇಷ್ಟಕ್ಕೇ.

ಈಗ ಈ ಪತ್ರ ಬರೆಯುತ್ತಿರುವ ಕಾರಣ. ಇವತ್ತು ಬೆಳಿಗ್ಗೆ ಡಾಕ್ಟರಮ್ಮನೇ ನನ್ನ ಕಣ್ಣಿಗೆ ಔಷಧಿ ಬಿಟ್ಟು ಒಳಗಿನ ಪದರ ನೋಡಿದರು. ಎರಡು ಕಡೆ ರಕ್ತ ಜಿನುಗಿದೆಯಂತೆ, ಇನ್ನೂ ತಡವಾಗಿಲ್ಲವಂತೆ. ಆಗ ಅತ್ತಿಗೆ ಬರೆದದ್ದು ನೆನಪಾಗಿ ಕೇಳಿದೆ: ದೀಪ ಹರಡಿ ಕಂಡರೆ, ಕಪ್ಪು ಚುಕ್ಕೆ ತೇಲಿದರೆ? ಅವರು ಕೈಯಲ್ಲಿದ್ದ ಟಾರ್ಚ್ ಕೆಳಗಿಟ್ಟರು. "ಯಾರಿಗೆ? ಅವರು ಇವತ್ತೇ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು" ಎಂದರು. ಅದು ಕನ್ನಡಕದ ವಿಷಯವಲ್ಲದೇ ಇರಬಹುದು. ಮಾತ್ರೆ ನುಂಗಿ ಸಕ್ಕರೆ ಇಳಿಸಿಕೊಂಡವರಿಗೂ ಕಣ್ಣಿನ ಒಳಗೆ ಹಾಳಾಗಿರಬಹುದು. ವರ್ಷಕ್ಕೊಮ್ಮೆ ನೋಡಿಸಲೇಬೇಕಂತೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಹೋಗು. ನಿನ್ನ ಹೆಸರಿನಲ್ಲಿ, ನೀನೇ ಹೋಗಿ ಕೂತುಕೋ. ಅವರು ಸರಿ ಎನ್ನುವವರೆಗೆ ಬಸ್ಸು ಮುಟ್ಟಬೇಡ. ನಿನ್ನ ಹಿಂದಿನ ಸೀಟುಗಳಲ್ಲಿ ಜನ ನಿನ್ನನ್ನು ನಂಬಿ ನಿದ್ದೆ ಮಾಡುತ್ತಿರುತ್ತಾರೆ. ಈ ಪತ್ರದ ಜೊತೆ ಅತ್ತಿಗೆಗೂ ಇದನ್ನೇ ಬರೆದು ಕಳಿಸಿದ್ದೇನೆ, ಮುಚ್ಚಿಡಲು ನೋಡಬೇಡ.

ನಾನು ಕ್ಷಮಿಸಿದೆ ಎಂದು ತಿಳಿಯಬೇಡ. ಕ್ಷಮಿಸಿಲ್ಲ. ಮನೆಗೆ ಬರಬೇಡ. ನಿನ್ನ ಮೈಯ ವಿಷಯ ನನಗೆ ಇವತ್ತು ಬೆಳಿಗ್ಗೆ ಗೊತ್ತಾಯಿತು, ಮಧ್ಯಾಹ್ನದ ಬಸ್ಸಿಗೆ ಕಳಿಸುತ್ತಿದ್ದೇನೆ.

ತಮ್ಮ